ಖಂಡೆಪೂಜೆಯ ಮರುದಿನ ಏಳದ ಕಂಪ್ಯೂಟರು

ನನಗೊಂದು ಕೆಟ್ಟ ಚಟವಿದೆ. ಮನೆಯಲ್ಲಿ ಯಾವುದಾದರೂ ಯಂತ್ರ ಕೆಟ್ಟರೆ, ಮೊದಲು ಅದನ್ನು ನಾನೇ ಇನ್ನಷ್ಟು ಕೆಡಿಸಿ, ಆಮೇಲೆ ತಿಳಿದವರನ್ನು ಕರೆಯುತ್ತೇನೆ. ಮೂವತ್ತು ವರ್ಷ ರೋಣದಲ್ಲಿ ಗಣಿತ ಕಲಿಸಿದವನಿಗೆ, ಎಲ್ಲ ಲೆಕ್ಕದ ಉತ್ತರವೂ ಪುಸ್ತಕದ ಕೊನೆಯ ಪುಟದಲ್ಲಿ ಇದ್ದೇ ಇರುತ್ತದೆ ಎಂಬ ಭ್ರಮೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮಿಕ್ಸರು, ಗೋಡೆ ಗಡಿಯಾರ, ಹೆಂಡತಿಯ ಹೊಲಿಗೆ ಯಂತ್ರ ಈಗಾಗಲೇ ಈ ಭ್ರಮೆಯ ರುಚಿ ಕಂಡಿವೆ. ಈ ಸಲದ ದಸರೆಗೆ ಸರದಿ ಕಂಪ್ಯೂಟರಿನದಾಯಿತು.

ಅದು ಕೆಟ್ಟ ಹಿಂದಿನ ದಿನ ಖಂಡೆಪೂಜೆ, ಅಂದರೆ ಆಯುಧಪೂಜೆ. ನಮ್ಮ ಮನೆಯಲ್ಲಿ ಅದರ ಉಸ್ತುವಾರಿ ನನ್ನ ಹೆಂಡತಿ ಸರೋಜಾಳದು. ಕುಡಗೋಲು, ಈಳಿಗೆ, ಕತ್ತರಿ, ನನ್ನ ಸೈಕಲ್ಲು, ಕಡೆಗೆ ಟೀವಿಯ ರಿಮೋಟು ಕೂಡ ವಿಭೂತಿ ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ಕೂತಿದ್ದವು. ಕಂಪ್ಯೂಟರಿನ ಡಬ್ಬಿಗಂತೂ ಬೆನ್ನು ಮುಚ್ಚುವಂತೆ ಚೆಂಡು ಹೂವಿನ ದಪ್ಪ ಸರ ಬಿದ್ದಿತ್ತು. ಆಯುಧಗಳಿಗೆ ಅಂದು ರಜೆ. ನಾನೂ ಮುಟ್ಟಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ದೀಪ ಹತ್ತಿತು. ಪರದೆ ಮಾತ್ರ ಕಪ್ಪಾಗಿಯೇ ಉಳಿದು, ಮೇಲೆ ಬಿಳಿ ಅಕ್ಷರದ ಒಂದು ಇಂಗ್ಲಿಷ್ ಸಾಲು ಮೂಡಿತು. ನನ್ನನ್ನು ಎಬ್ಬಿಸುವ ಡಿಸ್ಕು ಸಿಗುತ್ತಿಲ್ಲ, ಸರಿಯಾದದ್ದನ್ನು ಹಾಕಿ ಯಾವುದಾದರೂ ಕೀಲಿ ಒತ್ತಿರಿ ಎಂಬುದು ಅದರ ತಾತ್ಪರ್ಯ. ನಾನು ಒಂದನ್ನೂ ಬಿಡದೆ ಎಲ್ಲ ಕೀಲಿಗಳನ್ನೂ ಒತ್ತಿದೆ. ಅದೇ ಸಾಲು ಮತ್ತೆ ಮತ್ತೆ ಬಂತು.

ಬೇರೇನಾದರೂ ಹೋಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅದರೊಳಗೆ ನಮ್ಮಕ್ಕನಿದ್ದಳು. ಗಂಗಕ್ಕ ನನಗಿಂತ ಎಂಟು ವರ್ಷ ದೊಡ್ಡವಳು, ಅಬ್ಬಿಗೇರಿಯ ಮನೆಗೆ ಕೊಟ್ಟವಳು. ಸಾಲೆ ಕಲಿಯದ ಆಕೆ ಮೊಮ್ಮಗಳ ಅಂಕಲಿಪಿಯನ್ನು ಪಕ್ಕದಲ್ಲಿ ಕೂತು ತಾನೂ ಕಲಿತಳು. ಅಕ್ಷರ ಕೂಡಿಸಿ ಓದಲು ಬಂದದ್ದೇ ತಡ, ನನಗೆ ಹೇಳಿ ಕಳಿಸಿದಳು.

"ಓದೂದಾದ್ರ ನಂದ ಕತಿ ಓದಬೇಕು ನೋಡ ತಮ್ಮಾ. ಮಂದೀದ ತಗೊಂಡ ಏನ ಮಾಡ್ಲಿ? ನಾ ಹೇಳತೇನಿ, ನೀ ಬರಿ."

ಎರಡು ವರ್ಷ ಬಸ್ಸಿನಲ್ಲಿ ಹೋಗಿ ಬಂದು ಅವಳು ಹೇಳಿದ್ದನ್ನು ಕಾಗದದ ಮೇಲೆ ಬರೆದುಕೊಂಡೆ, ಮನೆಗೆ ಬಂದು ಟೈಪು ಮಾಡಿದೆ. ದೀಪಾವಳಿಗೆ ಪುಸ್ತಕ ಕೈಯಲ್ಲಿಡುತ್ತೇನೆಂದು ಮಾತು ಕೊಟ್ಟಿದ್ದೆ. ಟೈಪು ಮಾಡಿದ ಮೇಲೆ ಆ ಕಾಗದಗಳು ನೀರು ಕಾಯಿಸುವ ಹಂಡೆಯ ಒಲೆಗೆ ಹೋದವು. ಪ್ರತಿಯೊಂದು ಉತ್ತರವನ್ನೂ ಎರಡೆರಡು ಸಲ ತಾಳೆ ನೋಡಿ ಎಂದು ಮಕ್ಕಳ ಕಿವಿ ಹಿಂಡಿದ ಮಾಸ್ತರ ತನ್ನ ಅಕ್ಕನ ಬದುಕಿನ ಇನ್ನೊಂದು ಪ್ರತಿ ಇಟ್ಟುಕೊಂಡಿರಲಿಲ್ಲ.

ಇನ್ನು ನನ್ನ ಚಿಕಿತ್ಸೆ ಶುರುವಾಯಿತು. "ಹೂವಿನ ಸರ ಇವತ್ತ ತಗೀಬ್ಯಾಡ್ರಿ," ಎಂದು ಸರೋಜಾ ಅಪ್ಪಣೆ ಕೊಟ್ಟಿದ್ದರಿಂದ, ಸರಕ್ಕೆ ಧಕ್ಕೆಯಾಗದಂತೆ ಡಬ್ಬಿಯ ಪಕ್ಕದ ತಗಡು ಬಿಚ್ಚಿದೆ. ಧೂಳು ಊದಿದೆ, ಅರ್ಧ ನನ್ನ ಕಣ್ಣಿಗೇ ಬಂತು. ಮೆಮೊರಿಯ ಪಟ್ಟಿ ಕಿತ್ತು, ಅದರ ಬಂಗಾರದ ಹಲ್ಲುಗಳನ್ನು ಪೆನ್ಸಿಲ್ಲಿನ ರಬ್ಬರಿನಿಂದ ತಿಕ್ಕಿದೆ. ಕಂಪ್ಯೂಟರಿಗೆ ಎರಡು ಬಗೆಯ ನೆನಪುಗಳಿವೆಯಂತೆ. ಒಂದು, ಕರೆಂಟು ಹೋದೊಡನೆ ಎಲ್ಲ ಮರೆಯುವಂಥದ್ದು. ಇನ್ನೊಂದು, ವರ್ಷಗಟ್ಟಲೆ ಹಿಡಿದಿಡುವಂಥದ್ದು. ನಾನು ತಿಕ್ಕಿ ಹೊಳಪು ಮಾಡಿದ್ದು ಮೊದಲನೆಯದನ್ನು, ನನಗೆ ಬೇಕಾಗಿದ್ದದ್ದು ಎರಡನೆಯದರಲ್ಲಿತ್ತು. ಅರವತ್ತು ದಾಟಿದ ಮೇಲೆ ಕನ್ನಡಕ ಎಲ್ಲಿಟ್ಟೆ ಎಂಬುದು ಮರೆತು, ಐದನೆಯ ಇಯತ್ತೆಯಲ್ಲಿ ತಿಂದ ಪೆಟ್ಟು ನೆನಪಿರುವ ನನಗೆ ಈ ಏರ್ಪಾಡು ಹೊಸದೇನಲ್ಲ.

ಮಧ್ಯಾಹ್ನದ ಹೊತ್ತಿಗೆ ಧೈರ್ಯ ಸೋತಿತು. ಅಕ್ಕನಿಗೆ ಫೋನು ಹಚ್ಚಿ, ನೀ ಹೇಳಿದ್ದೆಲ್ಲಾ ಹೋಗಿರಬೇಕು ಎಂದು ತಪ್ಪೊಪ್ಪಿಕೊಂಡೆ. ಅಳುತ್ತಾಳೆ ಎಂದುಕೊಂಡಿದ್ದೆ.

"ಹೋದ್ರ ಚಲೋನ ಆತು ಬಿಡು," ಅಂದಳು. "ಅದರಾಗ ಭಾಳ ಸುಳ್ಳ ಹೇಳಿದ್ದೆ. ನಿಮ್ಮ ಮಾವಾರನ್ನ ದೇವರಂಥಾ ಗಂಡ ಅಂತ ಬರಸೇನಿ. ನಾಳೆ ಬಾ, ಈ ಸಲ ಖರೇ ಹೇಳತೇನಿ."

ಸಂಜೆ ಬನ್ನಿ ಕೊಡಲು ಬಂದವರು "ಬಂಗಾರದ್ಹಾಂಗ ಇರೋಣ್ರಿ" ಎನ್ನುತ್ತ, ಬಿಚ್ಚಿಟ್ಟ ಡಬ್ಬಿಯನ್ನು ನೋಡಿ ಒಂದೊಂದು ಉಪಾಯ ಹೇಳಿ ಹೋದರು. ದಾವಲಸಾಬರೂ ಬಂದರು. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು, ಈಗ ನಮ್ಮೂರಿನ ಕಂಪ್ಯೂಟರುಗಳ ವೈದ್ಯರು. ಬನ್ನಿ ಕೊಟ್ಟು, ಡಬ್ಬಿಯ ಎದುರು ಕೂತರು.

"ಮಾಸ್ತರ್ರ, ಕೆಡೂಕಿಂತ ಮೊದಲ ಇದಕ್ಕ ಕಡೀಕ ಏನ ಮಾಡಿದ್ರಿ?"

"ಪೂಜಾ ಮಾಡಿದ್ವಿ."

ಅವರು ನಗಲಿಲ್ಲ. ಸರೋಜಾಳ ಕಡೆ ನೋಡಿ, ಆಕೆ ತಲೆಯಾಡಿಸಿದ ಮೇಲೆ, ಹೂವಿನ ಸರವನ್ನು ಎರಡೂ ಕೈಯಿಂದ ಎತ್ತಿ ಕಣ್ಣಿಗೊತ್ತಿಕೊಂಡು ಬದಿಗಿಟ್ಟರು. ಡಬ್ಬಿಯ ಬೆನ್ನಿನಲ್ಲಿ ಕುಂಕುಮ ಹಚ್ಚಿಸಿಕೊಂಡ ನನ್ನ ಖಾಲಿ ಪೆನ್‌ಡ್ರೈವ್ ಸಿಕ್ಕಿಕೊಂಡಿತ್ತು.

"ಅದೂ ಆಯುಧನ ಅಲ್ಲೇನ್ರಿ?" ಅಂದಳು ಸರೋಜಾ. "ಪೂಜಾ ಮಾಡಿದ್ಮ್ಯಾಲ ಸಣ್ಣದು ಎಲ್ಲೆರೆ ಕಳದೀತಂತ ಅದರ ಸಂದ್ಯಾಗ ಸಿಗಿಸಿಟ್ಟೆ."

"ಇದ ನೋಡ್ರಿ," ಎಂದರು ದಾವಲಸಾಬರು. "ಏಳೂ ಮುಂದ ಇದು ಮೊದಲ ಪೆನ್‌ಡ್ರೈವ್ ನೋಡತೈತಿ. ಅದರಾಗ ಏನೂ ಸಿಗಲಿಲ್ಲ, ಅಲ್ಲೇ ನಿಂತ ಬಿಟ್ಟೈತಿ. ಒಳಗಿನ ಡಿಸ್ಕ್ ಗಟ್ಟಿ ಐತಿ." ಅದನ್ನು ಕಿತ್ತು, ಗುಂಡಿ ಒತ್ತಿದರು. ಕಂಪ್ಯೂಟರು ಎದ್ದಿತು. ಅಕ್ಕನ ಕತೆ ಒಂದಕ್ಷರ ಕಡಿಮೆಯಾಗದೆ ಅಲ್ಲೇ ಇತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ, ದಾವಲಸಾಬರಿಗೆ ಎರಡನೇ ಸಲ ಬನ್ನಿ ಕೊಟ್ಟೆ. ಈ ಸಲ ಕತೆಯ ಎರಡು ಪ್ರತಿ ಮಾಡಿಸಿಕೊಂಡೆ.

ಮರುದಿನ ಅಬ್ಬಿಗೇರಿಗೆ ಹೋಗಿ ಅಕ್ಕನ ಕಾಲಿಗೆ ಬಿದ್ದು ಬನ್ನಿ ಕೊಟ್ಟು, ಎಲ್ಲಾ ಸಿಕ್ಕಿತು ಎಂದೆ. ಅವಳ ಮುಖ ಸಪ್ಪಗಾಯಿತು. "ಹಂಗಾರ ಪುಸ್ತಕದಾಗ ಅದನ್ನ ಹಾಕು," ಎಂದು ಕಡಲೆ ಹಸನು ಮಾಡತೊಡಗಿದಳು. ಕಳೆದದ್ದು ಸಿಕ್ಕ ಖುಷಿಯಲ್ಲಿ ಅದಕ್ಕಿಂತ ದೊಡ್ಡದನ್ನು ಕಳೆದುಕೊಳ್ಳುತ್ತಿದ್ದೇನೆ ಅನ್ನಿಸಿತು. ಹೊಸ ನೋಟುಬುಕ್ಕು ತೆಗೆದು ಅವಳ ಎದುರು ಕೂತೆ.

"ಅದು ಇರಲಿ ಅಕ್ಕಾ. ನೀ ಖರೇ ಹೇಳು."

ಅವಳು ಮೊರ ಕೆಳಗಿಟ್ಟಳು.

"ಸಾಲಿ ನನಗ ಸೇರಲಿಲ್ಲ ಅಂತ ಬರಸಿದ್ನಲ್ಲಾ, ಅದು ಸುಳ್ಳು. ಅವ್ವ ಹೊಲಕ್ಕ ಹೋಗಾಕಿ, ನಿನ್ನ ಹಿಡ್ಯಾವ್ರು ಯಾರು? ನಿನ್ನ ಟೊಂಕದ ಮ್ಯಾಲ ಹೊತ್ತಗೊಂಡು ಸಾಲಿ ಕಿಡಕಿ ಹೊರಗ ನಿಂದರತಿದ್ದೆ. ನೀ ಅತ್ತರ ಮಾಸ್ತರ ಓಡಸತಿದ್ರು. ಅದಕ್ಕ ನಿನ್ನ ಬೆನ್ನ ತಟ್ಟಗೋತ, ಒಳಗ ಹೇಳೂ ಮಗ್ಗೀನ ನಿನ್ನ ಕಿವ್ಯಾಗ ಹೇಳತಿದ್ದೆ. ಆವಾಗ ಸುಮ್ಮನಾಕ್ಕಿದ್ದಿ."

ಸಾಲೆಗೆ ಹೆಸರು ಹಚ್ಚುವ ಮೊದಲೇ ನನಗೆ ಐದರ ಮಗ್ಗಿ ಬರುತ್ತಿತ್ತು ಎಂದು ಮೂವತ್ತು ವರ್ಷ ಮಕ್ಕಳ ಮುಂದೆ ಕೊಚ್ಚಿಕೊಂಡಿದ್ದೇನೆ. ಹುಟ್ಟಾ ಜಾಣ ಎಂದೇ ನನ್ನ ಬಗ್ಗೆ ನನಗಿದ್ದ ತಿಳಿವಳಿಕೆ. ಪೆನ್ನು ಕೆಳಗಿಟ್ಟೆ.

"ಯಾಕ ನಿಂತಿ? ಬರಿ," ಅಂದಳು ಅಕ್ಕ.

ಬರೆದೆ. ಅವಳ ಪುಸ್ತಕಕ್ಕೆ ಮೊದಲನೆಯ ಸಾಲು ಸಿಕ್ಕಿತು, ನನಗೆ ನನ್ನ ಮೊದಲನೆಯ ಮಾಸ್ತರು.