ಬಣ್ಣ ಹಿಡಿಯದ ಅಂಗಿ

ಮೆಕ್ನೆಸ್‌ನ ಹಳೇ ಪೇಟೆಯಲ್ಲಿ ಬೆಳಗಿನ ಆಜಾನ್ ಮುಗಿಯುವಷ್ಟರಲ್ಲಿ ಅರವತ್ತೆರಡರ ತಾಮು ಅವರ ಕಪ್ಪು ಬಣ್ಣದ ಹಂಡೆ ಕುದಿಯುತ್ತಿರುತ್ತದೆ. ಮೊಣಕೈವರೆಗೂ ಕಪ್ಪಾದ ಕೈಯಲ್ಲಿ ಕೋಲು ಹಿಡಿದು ಅಂಗಿಗಳನ್ನು ಮುಳುಗಿಸುತ್ತಾರೆ. ಉಬ್ಬಿದ ತೋಳುಗಳು ಮತ್ತೆ ಮತ್ತೆ ಮೇಲೇಳುತ್ತವೆ, ಒಳಗಿಂದ ಯಾರೋ ಕೈಯೆತ್ತಿದ ಹಾಗೆ. ಇಪ್ಪತ್ತು ವರ್ಷದಿಂದ ಇದೇ ಓಣಿಯಲ್ಲಿದ್ದರೂ ಅದನ್ನು ನೋಡಲು ನನಗೆ ಹಿತವೆನಿಸುವುದಿಲ್ಲ.

ವಾರಕ್ಕೆ ನಲವತ್ತು ಅಂಗಿ, ಹತ್ತು ಹನ್ನೆರಡು ಪ್ಯಾಂಟು. ಎಲ್ಲವೂ ಗಿಟಾರ್ ಹಿಡಿದು ಅಬ್ಬರಿಸುವ ಹುಡುಗ ಹುಡುಗಿಯರವು. ಅಡಿಯಿಂದ ಮುಡಿಯವರೆಗೆ ಕಪ್ಪುಟ್ಟ ಇವರನ್ನು ಊರು ಸೈತಾನನ ಸಂತಾನ ಎನ್ನುತ್ತದೆ. ಅಪ್ಪಂದಿರು ಬಟ್ಟೆ ಸುಡುತ್ತಾರೆ. ಮಕ್ಕಳು ಹಳೇ ಬಟ್ಟೆಯ ರಾಶಿಯಿಂದ ಇನ್ನೊಂದು ಹೆಕ್ಕಿಕೊಂಡು ನೆಟ್ಟಗೆ ಇಲ್ಲಿಗೆ ಬರುತ್ತಾರೆ. ಈ ಮಕ್ಕಳಿಗೆಲ್ಲ ತಾಮು "ಖಾಲ್ತಿ", ಅಂದರೆ ಚಿಕ್ಕಮ್ಮ.

"ಗಂಡ ಸತ್ತಾಗ ನಾಲ್ಕು ತಿಂಗಳು ಹತ್ತು ದಿನ ಬಿಳಿ ಉಟ್ಕೊಂಡು ಮನೇಲಿ ಕೂತ್ಕೋ ಅಂದ್ರು. ಆ ಬಿಳೀಲೇ ಬಂದು ಒಲೆ ಹಚ್ಚಿದೆ. ಊರು ಬೈಯೋದು ನಂಗೇನು ಹೊಸದಾ?" ಎಂದು ನಗುತ್ತಾರೆ.

ಬಿಳಿ ನಮ್ಮಲ್ಲಿ ವಿಧವೆಯ ಬಣ್ಣ, ಹೆಣಕ್ಕೆ ಸುತ್ತುವ ಕಫನ್ನಿನ ಬಣ್ಣ. ಹೋದ ವರ್ಷ ಒಂದು ಅಂಗಿ ಮೂರು ಸಲ ಅದ್ದಿದರೂ ಬಿಳಿಯಾಗಿಯೇ ಎದ್ದು ಬಂತು. ಪಾಲಿಯೆಸ್ಟರ್ ಬಣ್ಣ ಹಿಡಿಯುವುದಿಲ್ಲವೆಂದು ಹಾಗೇ ಕೊಟ್ಟು ಕಳಿಸಿದರು. ಅದನ್ನು ತೊಟ್ಟು ಹೋದ ನಬೀಲ್ ಅದೇ ವಾರ ಬೈಕಿನಿಂದ ಬಿದ್ದು ತೀರಿಕೊಂಡ.

ಈಗ ಒಳಗಿನ ಹಗ್ಗದಲ್ಲಿ ಅಂಥದೇ ಇನ್ನೊಂದು ತೂಗುತ್ತಿದೆ. ನಾಲ್ಕು ಸಲ ಅದ್ದಿದ್ದಾರೆ. ಇವತ್ತು ಜೊತೆಗೆ ಎತ್ತಿದ ಅಂಗಿಗಳೆಲ್ಲ ಕಪ್ಪು ಸುರಿಸುತ್ತಿವೆ. ಇದರಿಂದ ತೊಟ್ಟಿಕ್ಕುತ್ತಿರುವುದು ತಿಳಿನೀರು.

ಅದರ ಒಡೆಯ, ಹತ್ತೊಂಬತ್ತರ ಇಲ್ಯಾಸ್, ಬಾಗಿಲಿಗೆ ಬಂದು ನಿಲ್ಲುತ್ತಾನೆ.

"ಇವತ್ತಾದ್ರೂ ಕೊಡ್ತೀಯಾ ಖಾಲ್ತಿ? ಉಳಿದಿದ್ದನ್ನೆಲ್ಲ ಅಪ್ಪ ಸುಟ್ಟ. ಸಂಜೆ ಹಾಡೋಕೆ ಎಲ್ಲರೂ ಕಪ್ಪಲ್ಲಿ ಬರ್ತಾರೆ, ನಾನು ಈ ಗೀಟಿನ ಅಂಗೀಲಿ ಹೋದ್ರೆ ಬ್ಯಾಂಕ್ ಗುಮಾಸ್ತ ಬಂದ ಅಂತಾರೆ."

"ಇನ್ನೂ ಒಣಗಿಲ್ಲ ಮಗಾ. ನಾಳೆ ಬಾ."

"ಆರು ದಿನದಿಂದ ಒಣಗ್ತಾನೇ ಇದೆ. ಅದೇನು ಬಟ್ಟೆನಾ, ಸಮುದ್ರಾನಾ? ಬಣ್ಣ ಹಿಡೀದಿದ್ರೂ ಪರವಾಗಿಲ್ಲ, ಹಾಗೇ ಕೊಡು."

"ನಾಳೆ ಬಾ ಅಂದ್ನಲ್ಲ."

ಮುದುಕಿಗೆ ಅರಳುಮರಳು ಎಂದು ಗೊಣಗುತ್ತ ಅವನು ಹೊರಡುತ್ತಾನೆ. ಹೇಳಿದ ದಿನಕ್ಕೆ ಬಟ್ಟೆ ಕೊಡುವುದರಲ್ಲಿ ಎತ್ತಿದ ಕೈ ಎನಿಸಿಕೊಂಡ ಹೆಂಗಸು ಆರು ದಿನದಿಂದ ನೆಪ ಹೇಳುತ್ತಿದ್ದಾರೆ. ನಾನು ಕೇಳಿಯೇಬಿಡುತ್ತೇನೆ, ಬಿಳಿಯಾಗೇ ಉಳಿದ ಅಂಗಿ ಸಾವು ತರುತ್ತದೆಂದು ನಿಜಕ್ಕೂ ನಂಬುತ್ತೀರಾ ಎಂದು.

ಇಲ್ಯಾಸ್ ಓಣಿಯ ಕೊನೆಯಲ್ಲಿ ಮರೆಯಾಗುವವರೆಗೂ ಅವರು ನೋಡುತ್ತಾರೆ.

"ನೂಲಿನ ಗುಣ ಅಂತ ಗೊತ್ತು ಕಣಪ್ಪ. ಬೈಕೊಂಡೇ ಹೋಗ್ಲಿ ಬಿಡು. ನಾಳೆನೂ ಬಂದು ಬೈದ್ರೆ ನಂಗಷ್ಟೇ ಸಾಕು."