ಬೆಳ್ಳಿ ಕಡಗದ ತೂಕ

ಶಹಾಬಾದಿನ ನಮ್ಮ ಓಣಿಯಲ್ಲಿ ತಿಂಗಳಿಗೊಮ್ಮೆ ಮಕ್ಕಳ ತೂಕ ನೋಡುತ್ತಾರೆ. ಅಂಗನವಾಡಿಯ ತೊಲೆಗೆ ತಕ್ಕಡಿ ನೇತುಹಾಕಿ, ಅದರ ಚೀಲದಲ್ಲಿ ಕೂಸನ್ನು ಕೂರಿಸುತ್ತಾರೆ. ಹೋದ ವರ್ಷ ಎದುರುಮನೆಯ ಸೊಸೆ ನನ್ನ ಕೈಹಿಡಿದಳು. "ಆಯಿ, ನೀವು ಓದಿದವ್ರು, ಜೊತಿಗೆ ಬರ್ರಿ. ನನ್ನ ಹುಡುಗಿ ದಿನಾ ಸಣ್ಣಾಗಲಿಕತ್ತಾಳ. ಅವ್ರು ಮಾತ್ರ ಕಾರ್ಡ್ ನೋಡಿ ತೂಕ ನಡೀತದ ಅಂತಾರ."

ಹೋದೆ. ಎರಡು ವರ್ಷದ ಕೂಸು. ಕಾಲಿಗೆ ಗಟ್ಟಿ ಬೆಳ್ಳಿ ಕಡಗ, ನಡುವಿಗೆ ಬೆಳ್ಳಿ ಉಡದಾರ. ಅವುಗಳ ಸಮೇತ ತೂಗಿ, ಕಾರ್ಯಕರ್ತೆ ಕಾರ್ಡಿನ ಹಳದಿ ಪಟ್ಟಿಯಲ್ಲಿ ಚುಕ್ಕೆ ಇಟ್ಟಳು. ಕೆಂಪಿಗೆ ಬಿದ್ದರೆ ಮಾತ್ರ ಚಿತ್ತಾಪುರದ ಆಸ್ಪತ್ರೆಗೆ ಚೀಟಿ. ಅಲ್ಲಿ ಕೂಸನ್ನು ಇಟ್ಟುಕೊಂಡು ಊಟ, ಔಷಧ ಕೊಡುತ್ತಾರೆ.

"ಬೆಳ್ಳಿ ಯಾಕ ತೆಗೀಲಿಲ್ಲ?" ಎಂದು ಕಾರ್ಯಕರ್ತೆಯನ್ನು ಕೇಳಿದೆ.

"ನಾ ಏನ್ ಮಾಡ್ಲಿರಿ? ತೆಗೀರಿ ಅಂದ್ರ ಈಕಿ ಅಜ್ಜಿ ಮೈಮ್ಯಾಲೆ ಬರ್ತಾಳ."

ಅಜ್ಜಿ ಅಲ್ಲೇ ಇದ್ದಳು. "ತೆಗೆದ್ರ ದೃಷ್ಟಿ ಆಗ್ತದ ಅಕ್ಕೋರ. ಅಷ್ಟಕ್ಕೂ ಕಡಗ ಬರಂಗಿಲ್ಲ. ವರ್ಷ ತುಂಬಿದಾಗ ಪತ್ತಾರ ಇಕ್ಕಳದಿಂದ ಒತ್ತಿ ಹಾಕ್ಯಾನ. ಹುಡುಗಿ ನಮ್ಮಪ್ಪನಂಗ ಸಣ್ಣ ಎಲುಬಿನಾಕಿ, ಅಷ್ಟ."

ನನಗೆ ಸಿಟ್ಟು ನೆತ್ತಿಗೇರಿತು. ಕಾನ್ವೆಂಟಿನಲ್ಲಿ ತೂಕದ ದಿನ ನಮ್ಮ ಸಿಸ್ಟರ್ "ಶೂಸ್ ಆಫ್, ರಿಬನ್ಸ್ ಆಫ್!" ಎನ್ನುತ್ತಿದ್ದರು. ರಿಬ್ಬನ್ನಿಗೆಂಥ ಭಾರ ಎಂದು ನಾವು ನಗುತ್ತಿದ್ದೆವು. ಆ ತಣ್ಣನೆಯ ವರಾಂಡ, ಆ ಫಿನಾಯಿಲ್ ವಾಸನೆ ಈಗಲೂ ಬೇಕೆನಿಸುತ್ತದೆ. ಇಲ್ಲಿ ಕೂಸಿನ ಹಸಿವಿಗೆ ಬೆಳ್ಳಿ ಸೇರಿಸಿ ತೂಗಿ, ಸಹಿ ಹಾಕಿ, ಮುಂದಿನವರನ್ನು ಕರೆಯುತ್ತಾರೆ. ಶಿಯರ್ ನಾನ್ಸೆನ್ಸ್!

"ಬರಂಗಿಲ್ಲೇನು?" ಎಂದು ಕೂಸಿನ ಕಾಲು ಹಿಡಿದೆ. ಎಳೆಯಬೇಕಾಗಲೇ ಇಲ್ಲ. ಕಡಗ ಹಿಮ್ಮಡಿ ದಾಟಿ ನನ್ನ ಅಂಗೈಗೆ ಜಾರಿತು. ಇನ್ನೊಂದೂ ಹಾಗೆಯೇ.

ಉಡದಾರವನ್ನು ಅಜ್ಜಿಯೇ ಬಿಚ್ಚಿದಳು. ಮತ್ತೆ ತೂಗಿದಾಗ ಚುಕ್ಕೆ ಕೆಂಪಿಗೆ ಬಿತ್ತು.

ನನ್ನ ಮೇಲೂ ನನಗೆ ಸಿಟ್ಟಿದೆ. ಆ ಕಡಗದ ಗಲಗಲ ಕೇಳಿದಾಗಲೆಲ್ಲ ಕಿಟಕಿಯಿಂದ "ಸೋ ಸ್ವೀಟ್" ಎನ್ನುತ್ತಿದ್ದೆ. ಕಾಲಿಗೆ ಸರಿಯಾಗಿ ಕೂತ ಕಡಗ ಅಷ್ಟು ಸದ್ದು ಮಾಡುವುದಿಲ್ಲ ಎಂಬುದು ಇಷ್ಟು ಓದಿದ ನನಗೆ ಹೊಳೆಯಲಿಲ್ಲ.

ಕಾರ್ಯಕರ್ತೆ ತಲೆ ಎತ್ತದೆ ಚೀಟಿ ಬರೆದಳು. ಅಜ್ಜಿ ಬೆಳ್ಳಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು.

"ಚಿತ್ತಾಪುರದ ಬಸ್ ಎಷ್ಟಕ್ಕದರಿ, ಅಕ್ಕೋರ?"

"ಈಗ ಬರ್ತದ. ನಡೀರಿ," ಎಂದೆ. ಸೊಸೆ ಆಗಲೇ ಕೂಸನ್ನು ಎತ್ತಿಕೊಂಡು ಚಪ್ಪಲಿ ಮೆಟ್ಟಿದ್ದಳು.