ಚುಕ್ಕೆ ಬಿದ್ದ ಎಲೆ

ಎಲೆಯ ಮೇಲೆ ಬಿದ್ದ ಚುಕ್ಕೆಯನ್ನು ನೀವು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ಬೇರೆ ಕೆಲಸವಿಲ್ಲದ ನನ್ನಂಥವರು ನೋಡುತ್ತೇವೆ. ನಡುವೆ ಕಂದು ಕಲೆ, ಸುತ್ತ ಹಳದಿ ಉಂಗುರ. ಎಷ್ಟೋ ಸಲ ಆ ಕಲೆ ಗಿಡವೇ ಮಾಡಿಕೊಂಡದ್ದು ಎಂದು ಸಸ್ಯಶಾಸ್ತ್ರ ಓದಿದ ಗೆಳೆಯನೊಬ್ಬ ಹೇಳಿದ. ರೋಗ ಹೊಕ್ಕ ಜಾಗದ ಸುತ್ತಲಿನ ಜೀವಕೋಶಗಳನ್ನು ಗಿಡ ತಾನೇ ಸಾಯಿಸಿ, ರೋಗಕ್ಕೆ ಮುಂದೆ ದಾರಿಯಿಲ್ಲದಂತೆ ಮಾಡುತ್ತದಂತೆ. ವೈದ್ಯರಿಲ್ಲ, ಔಷಧಿಯಿಲ್ಲ, ಹೆದರಿಸುವ ನೆಂಟರೂ ಇಲ್ಲ. ಗಿಡವನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು.

ಸಂತೇಬೆನ್ನೂರಿನ ಹತ್ತಿರ ನಮ್ಮ ದೊಡ್ಡಪ್ಪನಿಗೆ ವೀಳ್ಯದೆಲೆಯ ತೋಟವಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಬೆಳಗ್ಗೆ ಸಾಲು ಸಾಲು ತಿರುಗಿ, ಚುಕ್ಕೆ ಕಂಡ ಎಲೆಯನ್ನು ಚಿವುಟಿ, ಹೊರಗೆ ಒಯ್ದು ಸುಟ್ಟು, ಕೈ ತೊಳೆದೇ ಇನ್ನೊಂದು ಬಳ್ಳಿ ಮುಟ್ಟುತ್ತಿದ್ದರು. ಬೇರೆಯವರ ತೋಟದಿಂದ ಬಂದವರನ್ನು ಕಾಲು ತೊಳೆಯದೆ ಒಳಗೆ ಬಿಡುತ್ತಿರಲಿಲ್ಲ. ಇಷ್ಟೆಲ್ಲ ಮಾಡುವಾಗಲೂ ಅವರ ಎಡಗೆನ್ನೆಯಲ್ಲಿ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪಿನ ಉಂಡೆಯೊಂದು ಕೂತಿರುತ್ತಿತ್ತು. ಮಾತು ಅದರ ಪಕ್ಕದಿಂದ ದಾರಿ ಮಾಡಿಕೊಂಡು ಹೊರಗೆ ಬರಬೇಕಿತ್ತು.

ಅಡಿಕೆಯ ಒಗರು, ಹೊಗೆಸೊಪ್ಪಿನ ಘಾಟು ಎರಡೂ ಆ ಗಿಡಗಳು ಹುಳಹುಪ್ಪಟೆಗಳಿಂದ ಉಳಿಯಲು ಕೂಡಿಟ್ಟುಕೊಂಡದ್ದು ಎಂದೂ ಗೆಳೆಯ ಹೇಳಿದ್ದ. ಹುಳಕ್ಕೆ ಅರ್ಥವಾಯಿತು, ದೂರ ಸರಿಯಿತು. ನಾವು ಅದಕ್ಕೆ ಸುಣ್ಣ ಹಚ್ಚಿದೆವು.

ಒಂದು ಬೇಸಿಗೆಯಲ್ಲಿ ದೊಡ್ಡಪ್ಪನ ಆ ಕೆನ್ನೆಯೊಳಗೆ ಬಿಳಿ ಕಲೆ ಕಂಡಿತು, ಆಮೇಲೆ ಹುಣ್ಣಾಯಿತು. ದೊಡ್ಡಮ್ಮ ಆಸ್ಪತ್ರೆಗೆ ಹೋಗೋಣ ಎಂದು ಗೋಗರೆದರು.

"ಉಷ್ಣಕ್ಕೆ ಆಗೈತೆ ಬಿಡೆ. ಹೊಗೆಸೊಪ್ಪು ಇಟ್ರೆ ನೋವೇ ಗೊತ್ತಾಗಲ್ಲ" ಎಂದರು ದೊಡ್ಡಪ್ಪ.

ಮಾತು ಸುಳ್ಳಲ್ಲ, ಹೊಗೆಸೊಪ್ಪು ಹುಣ್ಣಿಗೆ ಜೋಮು ಹಿಡಿಸುತ್ತಿತ್ತು. ಚನ್ನಗಿರಿ, ಹೊನ್ನಾಳಿಯಿಂದ ನೋಡಲು ಬಂದ ನೆಂಟರೂ ತಲೆಯಾಡಿಸಿ, ಅವರ ತಟ್ಟೆಯಿಂದಲೇ ಎಲೆ ಹಾಕಿಕೊಂಡರು. ಜಗಳೂರಿನ ಬೀಗರಂತೂ ರೋಗಿಗೆಂದು ಒಳ್ಳೆಯ ಹೊಗೆಸೊಪ್ಪನ್ನೇ ತಂದುಕೊಟ್ಟರು.

ಬಾಯಿ ಎರಡು ಬೆರಳು ಹಿಡಿಸುವಷ್ಟೂ ತೆರೆಯದಾದಾಗ ನಾನು ದಾವಣಗೆರೆಗೆ ಕರೆದೊಯ್ದೆ. ಕ್ಯಾನ್ಸರ್, ಕೆನ್ನೆಯ ಜೊತೆಗೆ ದವಡೆಯನ್ನೂ ಸ್ವಲ್ಪ ಕತ್ತರಿಸಬೇಕು, ಈಗಲಾದರೆ ಜೀವ ಉಳಿದೀತು ಎಂದರು ಡಾಕ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ದೊಡ್ಡಪ್ಪ ಹಲ್ಲುಗಳ ಸಂದಿಯಿಂದ ಕೇಳಿದರು: "ಎಲೆ ಚಿವುಟಿದ್ರೆ ಚಿಗುರು ಬರ್ತೈತೆ. ದವಡೆ ಚಿಗುರ್ತೈತೇನೋ?"

ಗಿಡಕ್ಕೆ ಸಾವಿರ ಎಲೆ, ಒಂದನ್ನು ಬಿಟ್ಟುಕೊಡಬಹುದು. ಮನುಷ್ಯನಿಗಿರುವುದು ಒಂದೇ ಮುಖ. ಅವರು ಒಪ್ಪುವ ಹೊತ್ತಿಗೆ ಡಾಕ್ಟರು ಒಪ್ಪಲಿಲ್ಲ. ಮುಂದಿನ ಯುಗಾದಿಗೆ ದೊಡ್ಡಪ್ಪ ಇರಲಿಲ್ಲ. ಅವರ ಮೇಲೆ ನನಗಿದ್ದ ಸಿಟ್ಟು ಮಾತ್ರ ಎಷ್ಟೋ ದಿನ ಇತ್ತು.

ತಿಥಿಯ ದಿನ ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಡುವುದು ನಮ್ಮ ಕಡೆಯ ಪದ್ಧತಿ. ಹಿರಿಯರೊಬ್ಬರು ಹೊಗೆಸೊಪ್ಪು ಇಡಬೇಕೆಂದರು. ದೊಡ್ಡಮ್ಮ ಕೇಳಿಸದವರಂತೆ ಒಳಗೆ ಹೋಗಿ ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ ತಂದಿಟ್ಟರು.

"ಕಡೇ ವರ್ಷವೆಲ್ಲ ಬರೀ ಗಂಜಿ ಕುಡಿದ್ರು. ಈಗಾದ್ರೂ ಖಾರ ತಿನ್ಲಿ."

ಎಡೆ ಎತ್ತಿದ ಮೇಲೆ ಆ ಬಜ್ಜಿಯನ್ನು ಎಲ್ಲರೂ ತಿಂದೆವು. ಖಾರ ನೆತ್ತಿಗೇರಿತು, ಕಣ್ಣೊರೆಸಿಕೊಳ್ಳಲು ಒಂದು ನೆಪವೂ ಸಿಕ್ಕಿತು. ಊಟ ಮುಗಿಸಿ ಜಗಲಿಗೆ ಬಂದು ಕೂತವರ ಕೈಗಳು ಒಂದೊಂದಾಗಿ ಎಲೆ-ಅಡಿಕೆ ತಟ್ಟೆಯ ಕಡೆ ಹೋದವು. ನನ್ನದೂ ಹೋಯಿತು.